ಮಳೆಗಾಲದಲ್ಲಿ ಒತ್ತಕ್ಷರ ಕಳಕೊಂಡ ನನ್ನ ಲ್ಯಾಪ್‌ಟಾಪ್

ನಾನು ಹೊಡೆದದ್ದು ಕಯ್ಯಾರ ಕಿಞ್ಞಣ್ಣ ರೈ ಅಂತ, ಸ್ಕ್ರೀನಲ್ಲಿ ಬಂದದ್ದು ಕಯಯಾರ ಕಿಞಞಣಣ ರೈ. ಅಳಿಸಿ ಪುನಃ ಹೊಡೆದೆ, ಈ ಸಲ ಕಯ್ಯಾರ ಸರಿ ಬಂತು, ಕಿಞ್ಞಣ್ಣ ಅರ್ಧ ಮಾತ್ರ ಸರಿ, ಞಕ್ಕೆ ಒತ್ತು ಬಂತು, ಣಕ್ಕೆ ಬರ್ಲಿಲ್ಲ. ಮೂರನೇ ಸಲ ಎಲ್ಲ ಸರಿ ಬಂತು. ನನ್ನ ಬೆರಳೇ ತಪ್ಪಿದ್ದು ಅಂತ ಮುಂದೆ ಹೋದ್ರೆ ಮುಂದಿನ ಸಾಲಲ್ಲಿ ಪೆರಡಾಲ ಸರಿ, ಬದಿಯಡ್ಕ ಹೋಗಿ ಬದಿಯಡಕ ಆಗಿತ್ತು.

ಜುಲೈ ಮೂರನೇ ವಾರ, ತುಳುವಿನ ಆಟಿ ತಿಂಗಳು ಶುರುವಾಗಿ ಮೂರು ದಿನ ಆಗಿತ್ತಷ್ಟೆ, ಬೆಳಿಗ್ಗೆ ಆರೂವರೆ, ಹೊರಗೆ ಮಳೆ ಅಂದ್ರೆ ಅಂಗಳದಾಚೆ ಇರುವ ಅಡಿಕೆ ಮರ ಕಾಣದಷ್ಟು ಮಳೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಕನ್ನಡ ಟೈಪಿಂಗ್, ಪೇಜ್ ಸೆಟ್ಟಿಂಗ್ ಮಾಡುವವಳು. ದೇವಸ್ಥಾನದ ಆಮಂತ್ರಣ ಪತ್ರಿಕೆ, ತಾಳಮದ್ದಳೆಯ ನೋಟೀಸು, ಶಾಲೆಯವರ ಪ್ರಶ್ನೆಪತ್ರಿಕೆ, ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಕನ್ನಡ ಮಾಡಿ ಕೊಡುದು, ಇಂಥದ್ದೇ. ಆಗ ಕೈಯಲ್ಲಿದ್ದದ್ದು ನಮ್ಮೂರ ಒಂದು ಕನ್ನಡ ಶಾಲೆಯ ಸ್ಮರಣ ಸಂಚಿಕೆ, 160 ಪೇಜು, ಹಳೆ ಮೇಷ್ಟ್ರುಗಳು ಕೈಯಲ್ಲಿ ಬರೆದು ಕೊಟ್ಟ ಲೇಖನಗಳು, ಆಗಸ್ಟ್ 5ಕ್ಕೆ ಮಂಗಳೂರಿನ ಪ್ರೆಸ್ಸಿಗೆ ಹೋಗ್ಬೇಕು, 15ಕ್ಕೆ ಧ್ವಜ ಏರಿಸುವ ದಿನವೇ ಬಿಡುಗಡೆ ಅಂತ ಹಳೆ ವಿದ್ಯಾರ್ಥಿ ಸಂಘದವರು ನಿಶ್ಚಯ ಮಾಡಿ ಆಗಿತ್ತು. ನಾನು 94ನೇ ಪೇಜಲ್ಲಿದ್ದೆ.

ನಾನು ಹೊಡೆಯುದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲಿ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಲ್ಲೆಲ್ಲ ಇರುದು ಅದೇ. ಅದರಲ್ಲಿ ಕೆ ಒತ್ತಿದ್ರೆ ಕ, ಎಂ ಒತ್ತಿದ್ರೆ ಮ, ಹೀಗೆ ಅಕಾರ ಸೇರಿಯೇ ವ್ಯಂಜನ ಬರ್ತದೆ. ಒತ್ತಕ್ಷರ ಬೇಕಾದ್ರೆ ನಡುವಲ್ಲಿ ಒಂದು ಎಫ್ ಒತ್ತಬೇಕು, ಕೆ ಎಫ್ ಕೆ ಅಂದ್ರೆ ಕ್ಕ. ಅರ್ಧಾಕ್ಷರಕ್ಕೂ ಅದೇ ಎಫ್, ಅರ್ಕಾವೊತ್ತಿಗೂ ಅದೇ ಎಫ್. ಅಂದ್ರೆ ಇಂಗ್ಲಿಷಲ್ಲಿ ಟೈಪ್ ಮಾಡುವವರಿಗೆ ಎಫ್ ಒಂದು ಸಾಧಾರಣ ಅಕ್ಷರ, ಆ ಕೀ ಸ್ವಲ್ಪ ಹಠ ಮಾಡಿದ್ರೂ ಅವರ ಕೆಲಸ ನಿಲ್ಲುದಿಲ್ಲ. ನಮಗೆ ಹಾಗಲ್ಲ, ಎಫ್ ಹೋದ್ರೆ ಅಮ್ಮ ಅಮಮ ಆಗ್ತಾಳೆ, ಅಕ್ಕ ಅಕಕ ಆಗ್ತಾಳೆ. ಕಿಞ್ಞಣ್ಣ ಅನ್ನುವ ಒಂದೇ ಹೆಸರಿಗೆ ಎರಡು ಸಲ ಎಫ್ ಬೇಕು. ನಮ್ಮ ಊರುಗಳ ಹೆಸರೇ ನೋಡಿ, ಕಾಸರಗೋಡು, ಕುಂಬಳೆ, ಮಧೂರು, ಅಡೂರು ಇವಕ್ಕೆ ಎಫ್ ಬೇಡ, ಆರಾಮ ಬರ್ತವೆ. ಬದಿಯಡ್ಕ, ಪೆರ್ಲ, ಉಪ್ಪಳ, ಮುಳ್ಳೇರಿಯ, ನೀರ್ಚಾಲು, ಎಣ್ಮಕಜೆ, ಮಂಜೇಶ್ವರ ಇವೆಲ್ಲ ಎಫ್ ಇಲ್ಲದೆ ಮುರಿದು ಬೀಳ್ತವೆ. ಆ ಬೆಳಿಗ್ಗೆ ನನ್ನ ಸ್ಕ್ರೀನಲ್ಲಿ ಪೆರಲ, ಉಪಪಳ, ಮುಳಳೇರಿಯ ಅಂತೆಲ್ಲ ಬಂದದ್ದು ನೋಡಿ ನಿಜಕ್ಕೂ ಹೊಟ್ಟೆಯಲ್ಲಿ ಒಂಥರಾ ಆಯ್ತು, ಯಾಕಂದ್ರೆ ನಮ್ಮ ಕಡೆ ಬಸ್ಸಿನ ಬೋರ್ಡಲ್ಲಿ, ಆಫೀಸಿನ ಬೋರ್ಡಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ತಪ್ಪಾಗಿ ಬರೆದದ್ದು ಕಂಡು ಕಂಡು ಬೇಜಾರಾಗಿ ನಮ್ಮ ಪುಸ್ತಕದಲ್ಲಾದ್ರೂ ಒಂದೇ ಒಂದು ಹೆಸರು ತಪ್ಪಬಾರ್ದು ಅಂತ ಹಠ ಹಿಡಿದು ಕೂತವಳು ನಾನು.

ಕೀ ಹಾಳಾಗಿರಬಹುದು ಅಂತ ನನಗೆ ಮೊದಲು ತಲೆಗೆ ಹೋಗ್ಲೇ ಇಲ್ಲ. ಯಾಕಂದ್ರೆ ಅಕ್ಷರ ಬಾರದೆ ಇರುದಲ್ಲ, ಒತ್ತು ಕೂಡದೆ ಇರುದು, ಅದು ಫಾಂಟಿನ ತೊಂದರೆಯ ಹಾಗೇ ಕಾಣ್ತದೆ. ಯುನಿಕೋಡ್ ಸರಿ ಇಲ್ಲದ ಹಳೆ ಸಾಫ್ಟ್‌ವೇರಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುದು ನಾವೆಲ್ಲ ನೋಡಿದ್ದೇ. ಹಾಗಾಗಿ ಫಾಂಟ್ ಬದಲಿಸಿದೆ, ನುಡಿ ತೆಗೆದು ಪುನಃ ಹಾಕಿದೆ, ವಿಂಡೋಸ್ ಅಪ್‌ಡೇಟ್ ಮಾಡಿದೆ, ಅರ್ಧ ದಿನ ಹೋಯ್ತು. ಒಂದು ವಿಷಯ ಸರಿಯಾಗಿ ನೋಡಿದ್ರೆ ಆ ಅರ್ಧ ದಿನ ಉಳೀತಿತ್ತು. ಫಾಂಟಿನ ತೊಂದರೆ ಆದ್ರೆ ಕ್ ಅಂತ ಅರ್ಧಾಕ್ಷರ ಕಂಡು ಪಕ್ಕದಲ್ಲಿ ಕ ಕಾಣ್ಬೇಕು, ಅಂದ್ರೆ ಅರ್ಧಾಕ್ಷರದ ಆ ಗುರುತು ಎಲ್ಲಿಯಾದ್ರೂ ಕಾಣ್ಬೇಕು. ನನ್ನದರಲ್ಲಿ ಆ ಗುರುತೇ ಇರ್ಲಿಲ್ಲ, ಎರಡು ಪೂರ್ತಿ ಕ ಇತ್ತು. ಅಂದ್ರೆ ಎಫ್ ಕಂಪ್ಯೂಟರಿಗೆ ಮುಟ್ಟಿಯೇ ಇಲ್ಲ.

ಮಧ್ಯಾಹ್ನ ಊಟ ಆಗಿ ಬಂದು ಕೂತ್ರೆ ಎಲ್ಲ ಸರಿ. ಒಂದು ಒತ್ತೂ ತಪ್ಪುದಿಲ್ಲ. ಮರುದಿನ ಬೆಳಿಗ್ಗೆ ಪುನಃ ಅದೇ ರಗಳೆ.

ಇಂಥ ಬಂದು ಹೋಗುವ ತೊಂದರೆಯೇ ಕಷ್ಟ. ಪೂರ್ತಿ ಹಾಳಾದ್ರೆ ಒಂದು ಮಾತು, ಇದು ಹಾಗಲ್ಲ, ಏನೋ ಒಂದು ಮಾಡ್ತೇವೆ, ಅದೇ ಹೊತ್ತಿಗೆ ತನ್ನಿಂದ ತಾನೇ ಸರಿಯಾಗ್ತದೆ, ನಾವು ಮಾಡಿದ್ದರಿಂದಲೇ ಸರಿಯಾಯ್ತು ಅಂತ ನಂಬಿ ಕೂರ್ತೇವೆ. ನನಗೆ ಎರಡು ಸಲ ಹೀಗೇ ಆಯ್ತು. ಫಿಲ್ಟರ್ ಕೀಸ್ ಅಂತ ವಿಂಡೋಸಲ್ಲಿ ಒಂದು ಉಂಟು, ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದ್ರೆ ಅದು ಆನ್ ಮಾಡ್ಲಾ ಅಂತ ಕೇಳ್ತದೆ, ನೋಡದೆ ಎಂಟರ್ ಹೊಡೆದ್ರೆ ಆಮೇಲೆ ಬೇಗ ಬೇಗ ಒತ್ತಿದ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ತಗೊಳ್ಳುದಿಲ್ಲ. ಶಿಫ್ಟ್ ಹಿಡಕೊಂಡು ಯೋಚನೆ ಮಾಡುವ ಅಭ್ಯಾಸ ಇರುವವರಿಗೆ ಇದು ಆಗುವಂಥದ್ದೇ. ನೋಡಿದೆ, ಆಫ್ ಇತ್ತು. ನಂಬರ್ ಪ್ಯಾಡ್ ಇಲ್ಲದ ಕೆಲವು ಲ್ಯಾಪ್‌ಟಾಪಲ್ಲಿ ನಮ್‌ಲಾಕ್ ಬಿದ್ದಿದ್ರೆ ಜೆ, ಕೆ, ಎಲ್ ಎಲ್ಲ ಅಂಕೆಗಳಾಗಿ ಬರ್ತವೆ, ಅದೂ ಅಲ್ಲ. ಆಮೇಲೆ ಡಿವೈಸ್ ಮ್ಯಾನೇಜರಲ್ಲಿ ಕೀಬೋರ್ಡ್ ಅಂತ ಇರುವಲ್ಲಿ ಸ್ಟ್ಯಾಂಡರ್ಡ್ ಪಿಎಸ್/2 ಕೀಬೋರ್ಡ್ ಅನ್ನುದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ, ವಿಂಡೋಸ್ ಅದನ್ನು ತಾನೇ ಪುನಃ ಹಾಕಿಕೊಳ್ತದೆ. ಸರಿಯಾಯ್ತು! ಅಂತ ಖುಷಿಪಟ್ಟೆ. ಆಗ ಗಂಟೆ ಹನ್ನೊಂದು. ಮರುದಿನ ಬೆಳಿಗ್ಗೆ ಪುನಃ ಪೆರಲ. ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟನ್ನೆಲ್ಲ ಇಳಿಸುದು ಅಂತ ಒಂದು ಉಪಾಯ ಉಂಟಲ್ಲ, ಅದನ್ನೂ ಮಾಡಿದೆ, ಅದರದ್ದೂ ಇದೇ ಕತೆ.

ನಡುವೆ ಕೆಲಸ ನಿಲ್ಲಬಾರ್ದಲ್ಲ, ಹಾಗಾಗಿ ಮೈಕ್ರೋಸಾಫ್ಟಿನವರದ್ದೇ ಪವರ್‌ಟಾಯ್ಸ್ ಅಂತ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ, ಅದರ ಕೀಬೋರ್ಡ್ ಮ್ಯಾನೇಜರಲ್ಲಿ ಕ್ಯಾಪ್ಸ್‌ಲಾಕ್ ಕೀ ಒತ್ತಿದ್ರೆ ಎಫ್ ಬರುವ ಹಾಗೆ ಮಾಡಿಕೊಂಡೆ. ಕನ್ನಡ ಟೈಪ್ ಮಾಡುವವರಿಗೆ ಕ್ಯಾಪ್ಸ್‌ಲಾಕ್ ಹೆಚ್ಚು ಕಡಿಮೆ ಬೇಡವೇ ಬೇಡ, ಎಡಗೈ ಕಿರುಬೆರಳಿನ ಅಡಿಯಲ್ಲೇ ಉಂಟು. ಮೊದಲ ಎರಡು ಪೇಜು ಬೆರಳಿಗೆ ಗೊಂದಲ, ಆಮೇಲೆ ಒಗ್ಗಿತು. ಒಂದೇ ಒಂದು ಕೀ ಹಾಳಾದವರಿಗೆ ಇಷ್ಟೇ ಸಾಕು, ಹತ್ತು ಪೈಸೆ ಖರ್ಚಿಲ್ಲ. ಆದ್ರೆ ನನಗೆ ಇದರಿಂದ ಇನ್ನೊಂದು ಗೊತ್ತಾಯ್ತು. ಒತ್ತು ಎಲ್ಲ ಸರಿ ಬರ್ಲಿಕ್ಕೆ ಶುರುವಾದ ಮೇಲೂ ಬೆಳಿಗ್ಗೆ ಹೊಡೆದ ಪೇಜಲ್ಲಿ ತಪ್ಪು ಉಳಿದಿತ್ತು, ಅಲ್ಲೊಂದು ರ ಇಲ್ಲ, ಇಲ್ಲೊಂದು ತ ಇಲ್ಲ, ಗುರುಗಳು ಅನ್ನುವಲ್ಲಿ ಗುಳು ಅಂತ ಉಂಟು. ಇಷ್ಟು ದಿನ ಅದನ್ನು ನನ್ನ ಬೆರಳಿನ ತಪ್ಪು ಅಂತ ತಿದ್ದಿ ತಿದ್ದಿ ಮುಂದೆ ಹೋಗ್ತಿದ್ದೆ, ಒತ್ತಕ್ಷರ ಹೋದದ್ದು ಕಣ್ಣಿಗೆ ಕುಕ್ಕುವ ಹಾಗೆ ಕಾಣ್ತದೆ, ಒಂದು ರ ಬಿಟ್ಟುಹೋದದ್ದು ಕಾಣುದಿಲ್ಲ. ಆಗ ಅನ್ನಿಸಿತು, ಇದು ಎಫ್ ಒಂದರದ್ದೇ ಕತೆಯಲ್ಲ ಅಂತ.

ಅಕ್ಕನ ಮಗಳು ಹೈಸ್ಕೂಲಲ್ಲಿ, ಕನ್ನಡ ಮೀಡಿಯಂ, ಶಾಲೆಯ ಲಿಟಲ್ ಕೈಟ್ಸ್ ಅನ್ನುವ ಕಂಪ್ಯೂಟರ್ ಕ್ಲಬ್ಬಲ್ಲಿದ್ದಾಳೆ. ಮಳೆಗೆ ಕಲೆಕ್ಟರು ರಜೆ ಕೊಟ್ಟ ದಿನ ಮನೆಗೆ ಬಂದವಳು ನೋಡಿ, "ಚಿಕ್ಕಮ್ಮ, ಇದು ಲ್ಯಾಪ್‌ಟಾಪಿಂದಾ ವಿಂಡೋಸಿಂದಾ ಅಂತ ಮೊದ್ಲು ಬೇರೆ ಮಾಡುವ, ಮತ್ತೆ ಉಳಿದದ್ದು" ಅಂದ್ಳು. ಅವಳದ್ದು ಸರಿಯಾದ ದಾರಿ, ನಾನು ಮಾಡ್ಬೇಕಾದ ಮೊದಲ ಕೆಲಸವೇ ಅದಾಗಿತ್ತು.

ಮೊದಲು ಅವರ ಮನೆಯ ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿದ್ಳು. ಬೆಳಿಗ್ಗೆ ಆರೂವರೆಗೇ ಅದರಲ್ಲಿ ಎಲ್ಲ ಅಕ್ಷರವೂ ಬರ್ತದೆ, ಅದೇ ಹೊತ್ತಿಗೆ ಲ್ಯಾಪ್‌ಟಾಪಿನದ್ದರಲ್ಲಿ ಬರುದಿಲ್ಲ. ಆಮೇಲೆ ಕೀಬೋರ್ಡ್ ವಿನ್ಯಾಸವನ್ನು ಅವಳಿಗೆ ಗೊತ್ತಿದ್ದ ಇನ್‌ಸ್ಕ್ರಿಪ್ಟಿಗೆ ಬದಲಿಸಿದ್ಳು, ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುದು ಅದನ್ನೇ, ವಿಂಡೋಸಲ್ಲೂ ಅದು ಮೊದಲೇ ಇರ್ತದೆ. ಇನ್‌ಸ್ಕ್ರಿಪ್ಟಲ್ಲಿ ಒತ್ತಿನ ಕೀ ಎಫ್ ಅಲ್ಲ, ಡಿ. ಎಫ್ ಒತ್ತಿದ್ರೆ ಗುಡಿಸು, ಅಂದ್ರೆ ಇಕಾರದ ಗುರುತು ಬರ್ತದೆ. ಒತ್ತಿ ನೋಡಿದ್ಳು, ಒತ್ತಕ್ಷರ ಎಲ್ಲ ಚಂದ ಬಂತು, ಗುಡಿಸು ಬರ್ಲಿಲ್ಲ, ಗಿಳಿ ಅಂತ ಹೊಡೆದ್ರೆ ಗಳ. ತೊಂದರೆ ಅಕ್ಷರದ ಹಿಂದೆ ಹೋಗ್ಲಿಲ್ಲ, ಕೀಯ ಹಿಂದೆಯೇ ನಿಂತಿತು. ನಾನು ಅರ್ಧ ದಿನ ಫಾಂಟು ನುಡಿ ಅಂತ ಹುಡುಕಿದ್ದನ್ನು ಅವಳು ಎರಡು ನಿಮಿಷದಲ್ಲಿ ತೀರ್ಮಾನ ಮಾಡಿದ್ಳು. ಕನ್ನಡದಲ್ಲಿ ಟೈಪ್ ಮಾಡುವ ಯಾರಿಗೆ ಈ ತೊಂದರೆ ಬಂದ್ರೂ ವಿನ್ಯಾಸ ಬದಲಿಸಿ ನೋಡಿ ಅಂತ ನಾನು ಈಗ ಮೊದಲು ಹೇಳುದು.

ಅವಳ ಹತ್ತಿರ ಶಾಲೆಯಲ್ಲಿ ಹಾಕುವ ಉಬುಂಟು ಆಧಾರಿತ ಲಿನಕ್ಸ್ ಇರುವ ಪೆನ್‌ಡ್ರೈವ್ ಇತ್ತು, ಅದರಿಂದ ಬೂಟ್ ಮಾಡಿ ವಿಂಡೋಸನ್ನು ಮುಟ್ಟದೆಯೇ ನೋಡಿದೆವು, ಅಲ್ಲೂ ಎಫ್ ಇಲ್ಲ. ಕೊನೆಗೆ ಬಯೋಸಿಗೆ, ಅಂದ್ರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗಿಗೆ ಹೋಗಿ, ಗಂಟೆ ಬದಲಿಸುವ ಜಾಗದಲ್ಲಿ ಅಂಕೆಗಳನ್ನು ಒತ್ತಿ ನೋಡಿದ್ಳು, 1, 2, 3 ಬಂತು, 6, 7, 8 ಬಂತು, 4 ಮತ್ತೆ 5 ಬರ್ಲಿಲ್ಲ. ಬಯೋಸಲ್ಲಿ ವಿಂಡೋಸೂ ಇಲ್ಲ ವಿಂಡೋಸಿನ ಡ್ರೈವರೂ ಇಲ್ಲ, ಅಲ್ಲೂ ಬರುದಿಲ್ಲ ಅಂದ್ರೆ ತೊಂದರೆ ಹಾರ್ಡ್‌ವೇರಿನದ್ದೇ.

ಆ 4, 5ರಿಂದಲೇ ನನಗೆ ಸಂಶಯ ಬಂದದ್ದು. ಒಂದು ಹಳೆ ನೋಟ್‌ಬುಕ್ಕಲ್ಲಿ ಕೀಬೋರ್ಡಿನ ಚಿತ್ರ ಬಿಡಿಸಿ, ಬಾರದ ಕೀಗೆಲ್ಲ ಕೆಂಪು ಪೆನ್ನಲ್ಲಿ ಗುರುತು ಹಾಕಿದೆ, ಪಕ್ಕದಲ್ಲಿ ಗಂಟೆ ಬರೆದೆ. ಮೂರು ಬೆಳಿಗ್ಗೆ ಹೀಗೆ ಮಾಡಿದ ಮೇಲೆ ಚಿತ್ರ ನೋಡಿದ್ರೆ ಎಂಟು ಕೀಗೆ ಗುರುತು ಬಿದ್ದಿತ್ತು, 4, 5, ಆರ್, ಟಿ, ಎಫ್, ಜಿ, ವಿ, ಬಿ. ಮೇಲಿಂದ ಕೆಳಗೆ ಎರಡೆರಡು ಕೀಯ ಒಂದು ಪಟ್ಟಿ, ಸರಿಯಾಗಿ ಒಂದು ಸಾಲು ಎಳೆದ ಹಾಗೆ. ಎಂಟು ಕೀಯೂ ತಪ್ಪಲಿಕ್ಕೆ ಶುರುವಾಗುದು ಒಂದೇ ಹೊತ್ತಿಗೆ, ಸರಿಯಾಗುದೂ ಒಂದೇ ಹೊತ್ತಿಗೆ.

ನಮ್ಮ ತೋಟದ ಸ್ಪ್ರಿಂಕ್ಲರ್ ಲೈನಿನ ಹಾಗೆ ಅಂತ ಯೋಚಿಸಿ. ಒಂದು ಸ್ಪ್ರಿಂಕ್ಲರ್ ತಿರುಗದಿದ್ರೆ ಅದರ ತೂತಿಗೆ ಕಸ ಕಟ್ಟಿದೆ ಅಂತ ಅರ್ಥ, ಅದನ್ನು ಬಿಚ್ಚಿ ಊದಿದ್ರೆ ಆಯ್ತು. ಒಂದು ಲೈನಿನ ಎಲ್ಲ ಸ್ಪ್ರಿಂಕ್ಲರೂ ಒಟ್ಟಿಗೆ ನಿಂತ್ರೆ ಯಾರೂ ಒಂದೊಂದೇ ಬಿಚ್ಚುದಿಲ್ಲ, ಸೀದಾ ಗೇಟ್‌ವಾಲ್ವಿನ ಹತ್ತಿರ ಹೋಗ್ತಾರೆ. ಕೀಬೋರ್ಡೂ ಹಾಗೇ. ಪ್ರತಿ ಕೀಗೆ ಬೇರೆ ಬೇರೆ ವಯರ್ ಇರುದಿಲ್ಲ, ಅಡ್ಡ ಸಾಲು ಉದ್ದ ಸಾಲು ಅಂತ ಗೆರೆಗಳ ಒಂದು ಬಲೆ, ಒಂದು ಅಡ್ಡ ಗೆರೆ ಒಂದು ಉದ್ದ ಗೆರೆ ಸೇರುವ ಜಾಗದಲ್ಲಿ ಒಂದು ಕೀ. ಯಾವ ಕೀ ಯಾವ ಗೆರೆಯಲ್ಲಿ ಅನ್ನುದು ಒಂದೊಂದು ಮಾಡೆಲಿಗೆ ಒಂದೊಂದು ಥರ. ಕೀಯ ಅಡಿಯಲ್ಲಿ ಕತ್ತರಿಯ ಹಾಗಿನ ಪ್ಲಾಸ್ಟಿಕ್ ಕೊಂಡಿ, ನಡುವೆ ರಬ್ಬರಿನ ಸಣ್ಣ ಗುಮ್ಮಟ, ಅದರ ಅಡಿಗೆ ಮೂರು ಪದರದ ತೆಳು ಪ್ಲಾಸ್ಟಿಕ್ ಹಾಳೆ, ಮೇಲಿನ ಹಾಳೆಯಲ್ಲೂ ಅಡಿಯ ಹಾಳೆಯಲ್ಲೂ ಕರೆಂಟ್ ಹೋಗುವ ಶಾಯಿಯ ಗೆರೆಗಳು, ನಡುವಿನದ್ದರಲ್ಲಿ ತೂತು. ಒತ್ತಿದಾಗ ತೂತಿನ ಮೂಲಕ ಮೇಲಿನ ಗೆರೆ ಅಡಿಯದ್ದಕ್ಕೆ ತಾಗ್ತದೆ, ಅಷ್ಟೇ. ಈ ಗೆರೆಗಳೆಲ್ಲ ಒಟ್ಟಾಗಿ ಒಂದು ತೆಳು ರಿಬ್ಬನ್ ಕೇಬಲಾಗಿ ಹೋಗಿ ಮದರ್‌ಬೋರ್ಡಿನ ಒಂದು ಕನೆಕ್ಟರಿಗೆ ಸಿಕ್ಕಿಸಿ ಇರ್ತದೆ. ಒಂದೇ ಕೀ ಹೋದ್ರೆ ಆ ಕೀಯ ಅಡಿಯಲ್ಲಿ ಕಸ, ಇರುವೆ, ಚಾದ ಹನಿ ಅಂತ ನೋಡ್ಬೇಕು. ಒಂದು ಗೆರೆಯೇ ಹೋದ್ರೆ ಹಾಳೆಯಲ್ಲಿ ಗೆರೆ ತುಂಡಾಗಿರ್ಬೇಕು ಅಥವಾ ಕೇಬಲಿನ ಬಾಯಿಯಲ್ಲಿ ಸರಿ ತಾಗ್ತಿಲ್ಲ. ಗೆರೆ ತುಂಡಾಗಿದ್ರೆ ಹೆಚ್ಚಾಗಿ ಪೂರ್ತಿಯೇ ಹೋಗ್ತದೆ. ನನ್ನದು ಬಂದು ಹೋಗುವಂಥದ್ದು, ಹಾಗಾಗಿ ಕೇಬಲಿನ ಬಾಯಿಯ ಮೇಲೆಯೇ ನನಗೆ ಸಂಶಯ ಹೆಚ್ಚಾದದ್ದು.

ಇದೆಲ್ಲ ಗೊತ್ತಾಗುವ ಮೊದಲು ಒಂದು ಕೆಲಸ ಮಾಡಿ ಆಗಿತ್ತು, ಅದು ಮಾಡಬಾರ್ದಿತ್ತು. ಎಫ್ ಒಂದೇ ಅಂತ ತಿಳಿದು ಆ ಕೀಯ ಟೊಪ್ಪಿಯನ್ನು ಹಳೆ ಎಟಿಎಂ ಕಾರ್ಡಿನ ಮೂಲೆಯಲ್ಲಿ ಎಬ್ಬಿಸಿ ತೆಗೆದಿದ್ದೆ. ಅಡಿಯಲ್ಲಿ ಏನೂ ಇರ್ಲಿಲ್ಲ, ಆದ್ರೆ ಕತ್ತರಿ ಕೊಂಡಿಯ ಒಂದು ಸಣ್ಣ ಮೂಗು ಬಗ್ಗಿತು, ಈಗಲೂ ಆ ಕೀ ಒತ್ತುವಾಗ ಸ್ವಲ್ಪ ಒಂದು ಬದಿಗೆ ವಾಲ್ತದೆ. ಟೊಪ್ಪಿ ತೆಗೆಯುದು ಕೊನೆಯ ಉಪಾಯ, ಮೊದಲನೆಯದ್ದಲ್ಲ.

ಬೆಳಿಗ್ಗೆ ಮಾತ್ರ ಯಾಕೆ ಅನ್ನುದಕ್ಕೂ ನೋಟ್‌ಬುಕ್ಕೇ ಉತ್ತರ ಕೊಟ್ಟದ್ದು. ಆರೂವರೆಗೆ ಎಂಟೂ ಹೆಚ್ಚಾಗಿ ತಪ್ತವೆ, ಎಂಟು ಗಂಟೆಗೆ ಅರ್ಧ ಅರ್ಧ, ಹತ್ತೂವರೆ ಆದ ಮೇಲೆ ಎಲ್ಲ ಉಂಟು. ಒಂದು ದಿನ ಬೆಳಿಗ್ಗೆ ಚಾರ್ಜಿಗೆ ಹಾಕಿ ಒಂದು ವೀಡಿಯೋ ಓಡಲಿಕ್ಕೆ ಬಿಟ್ಟು ಅಡಿಗೆ ಕೆಲಸಕ್ಕೆ ಹೋದೆ, ಏಳೂವರೆಗೆ ಬಂದು ನೋಡಿದ್ರೆ ಲ್ಯಾಪ್‌ಟಾಪ್ ಬಿಸಿಯಾಗಿತ್ತು, ಕೀಗಳೂ ಸರಿಯಾಗಿದ್ವು. ಅಂದ್ರೆ ಗಂಟೆಯ ವಿಷಯವಲ್ಲ, ತಂಪು ಮತ್ತೆ ಪಸೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುದು. ಆ ದಿನಗಳಲ್ಲಿ ಉಪ್ಪು ನೀರಾಗ್ತದೆ, ಚಪ್ಪಲಿಗೆ ಬೂಷ್ಟು ಬರ್ತದೆ, ಬಟ್ಟೆ ಎಂಟು ದಿನ ಆದ್ರೂ ಒಣಗುದಿಲ್ಲ. ನನ್ನ ಟೇಬಲ್ ಇದ್ದದ್ದು ಬಚ್ಚಲಿನ ಗೋಡೆಗೆ ತಾಗಿದ ಕೋಣೆಯಲ್ಲಿ, ಆ ಗೋಡೆ ಮಳೆಗಾಲದಲ್ಲಿ ಬೆವರ್ತದೆ. ಅಲ್ಲೇ ರಾತ್ರಿಯಿಡೀ ಲ್ಯಾಪ್‌ಟಾಪ್ ಇಡ್ತಿದ್ದೆ. ಮಳೆಗಾಲ ಇರುವ ಊರಲ್ಲಿ ಲೋಹಕ್ಕೆ ಏನಾಗ್ತದೆ ಅಂತ ಕತ್ತಿ ಹಾರೆ ಇಟ್ಟುಕೊಂಡವರಿಗೆಲ್ಲ ಗೊತ್ತು, ಒಂದು ಕೂದಲಿನಷ್ಟು ಅಗಲದ ಕನೆಕ್ಟರ್ ಪಿನ್ನಿಗೂ ಅದೇ ಆಗುದು.

ಪೇಟೆಯ ಒಂದು ರಿಪೇರಿ ಅಂಗಡಿಗೂ ಹೋಗಿದ್ದೆ, ಮಧ್ಯಾಹ್ನ ಹೋದದ್ದಕ್ಕೆ ಅಲ್ಲಿ ಎಲ್ಲ ಕೀಯೂ ಸರಿ ಬಂತು. ಅಂಗಡಿಯವ ಒಳ್ಳೆ ಹುಡುಗ, ನನ್ನ ನೋಟ್‌ಬುಕ್ ನೋಡಿ ಸುಮ್ಮನೆ ಸಾಗಹಾಕ್ಲಿಲ್ಲ, ಆದ್ರೆ "ಚೇಚಿ, ಕೀಬೋರ್ಡ್ ಮಾಟ್ಟಣಂ" ಅಂದ, ಅಂದ್ರೆ ಅಕ್ಕ, ಕೀಬೋರ್ಡೇ ಬದಲಿಸ್ಬೇಕು ಅಂತ. ಈ ಮಾಡೆಲಲ್ಲಿ ಕೀಬೋರ್ಡನ್ನು ಮೇಲಿನ ಕವರಿಗೇ ಪ್ಲಾಸ್ಟಿಕ್ ರಿವೆಟ್ಟಲ್ಲಿ ಕೂರಿಸಿದ್ದಾರೆ, ಬಿಡಿಯಾಗಿ ಬರುದಿಲ್ಲ, ಕವರ್ ಸಮೇತ ಬದಲಿಸ್ಬೇಕು, 5,200 ರೂಪಾಯಿ, ಎರ್ನಾಕುಳದಿಂದ ಬರ್ಬೇಕು, ಹತ್ತು ದಿನ. ಹತ್ತು ದಿನ ಕಾಯುವ ಹಾಗಿರ್ಲಿಲ್ಲ. ಕೇಬಲ್ ಒಮ್ಮೆ ತೆಗೆದು ಹಾಕಿ ನೋಡುದಾ ಅಂತ ಕೇಳಿದೆ, ಅದರಿಂದ ಶರಿಯಾವೂಲ, ಸರಿಯಾಗ್ಲಿಕ್ಕಿಲ್ಲ ಅಂದ. ಅವನ ಅನುಭವ ಅವನಿಗೆ, ಹೊಸ ಕೀಬೋರ್ಡ್ ಹಾಕಿದ್ರೂ ಅವನು ಅದೇ ಕನೆಕ್ಟರಿಗೆ ಸಿಕ್ಕಿಸುದಲ್ವಾ, ಆ ಕನೆಕ್ಟರ್ ಕ್ಲೀನ್ ಮಾಡದೆ ಹೊಸದ್ದು ಹಾಕಿ ಎಂತ ಪ್ರಯೋಜನ ಅಂತ ನನಗೆ ದಾರಿಯಿಡೀ ಬಸ್ಸಲ್ಲಿ ತಲೆಗೆ ಬರ್ತಾ ಇತ್ತು. ವಾರಂಟಿ ಮುಗಿದು ಎರಡು ವರ್ಷ ಆಗಿತ್ತು, ಬಿಚ್ಚಿದ್ರೆ ಕಳಕೊಳ್ಳುದು ಏನೂ ಇಲ್ಲ. ವಾರಂಟಿ ಇರುವವರು ಬಿಚ್ಚುದು ಬೇಡ, ಅಲ್ಲಿಗೇ ಕೊಡಿ.

ಬಿಚ್ಚುವ ಮೊದಲು ಒಂದು ವಿಷಯ ನೋಡ್ಬೇಕು, ಇದನ್ನು ಯಾರೂ ಬಿಡಬೇಡಿ. ಲ್ಯಾಪ್‌ಟಾಪನ್ನು ಸಮ ಇರುವ ಟೇಬಲಿನ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ, ಕುಟುಕುಟು ಅಲ್ಲಾಡ್ತದಾ, ಟಚ್‌ಪ್ಯಾಡ್ ಮೇಲೆ ಎದ್ದಿದೆಯಾ, ಅಡಿಯ ಕವರ್ ಉಬ್ಬಿದೆಯಾ. ಬ್ಯಾಟರಿ ಊದಿಕೊಂಡ್ರೆ ಅದು ಕೀಬೋರ್ಡನ್ನು ಅಡಿಯಿಂದ ತಳ್ತದೆ, ಅದರಿಂದಲೂ ಕೀಗಳು ಹೀಗೇ ಆಡ್ತವೆ. ಊದಿದ ಬ್ಯಾಟರಿ ಆದ್ರೆ ಚಾರ್ಜಿಗೆ ಹಾಕಬಾರ್ದು, ಚುಚ್ಚಬಾರ್ದು, ಒತ್ತಬಾರ್ದು, ಬೆಂಕಿ ಹತ್ತುವ ಸಾಮಾನು ಅದು, ಗೊತ್ತಿದ್ದವರ ಕೈಗೇ ಕೊಡ್ಬೇಕು. ನನ್ನದು ಸಮತಟ್ಟಾಗಿತ್ತು.

ಕಂಪನಿಯವರ ಸೈಟಲ್ಲಿ ನನ್ನ ಮಾಡೆಲಿನ ಸರ್ವಿಸ್ ಮ್ಯಾನ್ಯುವಲ್ ಸಿಕ್ಕಿತು, ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರ ಸಮೇತ ಉಂಟು. ಸ್ಕ್ರೂಡ್ರೈವರ್ ಸೆಟ್ಟು 280 ರೂಪಾಯಿ, ಐಸೋಪ್ರೊಪೈಲ್ ಆಲ್ಕೋಹಾಲ್ ಸಣ್ಣ ಬಾಟ್ಲಿ 150. ಆಲ್ಕೋಹಾಲ್ 99 ಪರ್ಸೆಂಟಿನದ್ದೇ ತಗೊಳ್ಳಿ, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ, ಗಾಯ ಒರಸುವ ಸ್ಪಿರಿಟ್ಟಲ್ಲಿ ನೀರು ಇರ್ತದೆ. ನೈಲ್‌ಪಾಲಿಶ್ ತೆಗೆಯುದರಲ್ಲಿ ಹೆಚ್ಚಾಗಿ ಅಸಿಟೋನ್ ಇರ್ತದೆ, ಅದು ಪ್ಲಾಸ್ಟಿಕನ್ನೇ ತಿಂತದೆ. ಹೇರ್‌ಡ್ರೈಯರ್ ಬಿಸಿ ಬಿಟ್ಟು ಒಣಗಿಸುದೂ ಬೇಡ, ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ಅಕ್ಕಿಯ ಹುಡಿ ಒಳಗೆ ಹೋಗುದೂ ಬೇಡ.

ಆದಿತ್ಯವಾರ ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟ ಹೊತ್ತಲ್ಲಿ, ಚಾವಡಿಯಲ್ಲಿ ಬೆಳಕಿಗೆ ಕೂತು ಬಿಚ್ಚಿದೆವು, ನಾನು ಮತ್ತೆ ಅವಳು. ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆದು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಕೈಯಲ್ಲಿರುವ ಸ್ಟ್ಯಾಟಿಕ್ ಇಳಿಸಿಕೊಂಡು ಶುರು. ಒಂಬತ್ತು ಸ್ಕ್ರೂ ಹೊರಗೆ ಕಾಣ್ತದೆ, ಎರಡು ಹಿಂದಿನ ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿತ್ತು, ಅದು ಗೊತ್ತಿಲ್ಲದೆ ಎಳೆದ್ರೆ ಕವರ್ ಮುರೀತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಅಡಿಯ ಚಿತ್ರ ಬಿಡಿಸಿ ತೆಗೆದ ಸ್ಕ್ರೂವನ್ನು ಅದರ ಜಾಗದಲ್ಲೇ ಚುಚ್ಚಿ ಇಟ್ಟಳು, ಯಾಕಂದ್ರೆ ಎಲ್ಲ ಒಂದೇ ಉದ್ದ ಅಲ್ಲ, ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಬಿಗಿದ್ರೆ ಒಳಗೆ ಬೋರ್ಡಿಗೆ ತಾಗಿ ಹೊಸ ತೊಂದರೆ. ಒಳಗೆ ತೆರೆದು ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸಿದ್ದು, ಅದನ್ನು ಬಿಡಿಸದೆ ಒಳಗೆ ಎಲ್ಲಿಗೂ ಕೈ ಹಾಕಬಾರ್ದು.

ಫ್ಯಾನಿನ ಸುತ್ತ ಕಂಬಳಿಯ ಹಾಗೆ ಧೂಳು, ಮೂಲೆಯಲ್ಲಿ ಸತ್ತ ಸಣ್ಣ ಕೆಂಪಿರುವೆ ಹತ್ತಿಪ್ಪತ್ತು. ಕೀಬೋರ್ಡಿನ ಕೇಬಲ್ ಅಂಗೈಯ ಅರ್ಧ ಅಗಲ ಉಂಟು, ಕನೆಕ್ಟರಿನ ಕಪ್ಪು ಲ್ಯಾಚನ್ನು ಉಗುರಲ್ಲಿ ಮೆಲ್ಲ ಎತ್ತಿದ್ರೆ ಕೇಬಲ್ ತಾನೇ ಸಡಿಲ ಆಗ್ತದೆ, ಲ್ಯಾಚ್ ಎತ್ತದೆ ಎಳೀಬಾರ್ದು. ಹೊರಗೆ ತಂದು ಬೆಳಕಿಗೆ ಹಿಡಿದು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದೆವು. ಪಟ್ಟಿಗಳೆಲ್ಲ ಹೊಳೀತಾ ಉಂಟು, ಒಂದು ಬದಿಯಲ್ಲಿ ಮೂರು ನಾಲ್ಕು ಪಟ್ಟಿಯ ತುದಿ ಮಾತ್ರ ಮಂಕಾಗಿ, ಬಿಳಿ ಹುಡಿ ಕೂತ ಹಾಗೆ. ಅದನ್ನು ಕಂಡಾಗ ಆದ ಸಮಾಧಾನ ಹೇಳಿ ಪೂರೈಸ್ಲಿಕ್ಕಿಲ್ಲ, ಒಂದು ವಾರದಿಂದ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದು ಕಣ್ಣಿಗೆ ಕಾಣುವ ಹಾಗೆ ಅಲ್ಲಿತ್ತು. ಕನ್ನಡಕ ಒರಸುವ ಬಟ್ಟೆಗೆ ಎರಡು ಹನಿ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಿಗೆ ಮೆಲ್ಲ ಒರಸಿದೆ, ಹತ್ತಿ ಬೇಡ, ನಾರು ಬಿಡ್ತದೆ. ಅರ್ಧ ಗಂಟೆ ಒಣಗಲಿಕ್ಕೆ ಬಿಟ್ಟು, ಕೇಬಲನ್ನು ನೇರ ಒಳಗೆ ತಳ್ಳಿ, ಲ್ಯಾಚ್ ಒತ್ತಿ, ಬ್ಯಾಟರಿ ಸಿಕ್ಕಿಸಿ ಮುಚ್ಚಿದೆವು. ಸೋಮವಾರ ಬೆಳಿಗ್ಗೆ ಆರೂವರೆಗೆ ಎಂಟೂ ಕೀ ಬಂತು. ಮಂಗಳವಾರವೂ ಬಂತು, ಬುಧವಾರವೂ.

ಗುರುವಾರ ಪುನಃ ಮುಳಳೇರಿಯ.

ಅಳು ಬರುವ ಹಾಗಾಯ್ತು, 5,200 ಕೊಟ್ಟು ಬಿಡುವ ಅಂತಲೂ ಅನ್ನಿಸಿತು. ಆದ್ರೆ ಅವಳು ಹೇಳಿದ್ದು ನ್ಯಾಯ ಇತ್ತು, "ಮೂರು ದಿನ ಸರಿ ಇತ್ತಲ್ವಾ ಚಿಕ್ಕಮ್ಮ, ಹಾಗಾದ್ರೆ ಜಾಗ ಸರಿಯೇ, ನಾವು ಮಾಡಿದ್ದು ಸಾಕಾಗ್ಲಿಲ್ಲ ಅಷ್ಟೇ." ಸಂಜೆ ಪುನಃ ಬಿಚ್ಚಿದೆವು. ಈ ಸಲ ಕೇಬಲಿಗಿಂತ ಹೆಚ್ಚು ಕನೆಕ್ಟರನ್ನೇ ನೋಡಿದೆವು. ಲ್ಯಾಚ್ ಹಾಕಿದ ಮೇಲೂ ಕೇಬಲನ್ನು ಆ ಬದಿಯಲ್ಲಿ ಬೆರಳಲ್ಲಿ ಮುಟ್ಟಿದ್ರೆ ಚೂರು ಅಲ್ಲಾಡ್ತಿತ್ತು, ಇನ್ನೊಂದು ಬದಿಯಲ್ಲಿ ಬಿಗಿ. ಕೇಬಲಿನ ತುದಿಗೆ ಹಿಂದಿನಿಂದ ಗಟ್ಟಿ ಇರ್ಲಿಕ್ಕೆ ಒಂದು ನೀಲಿ ಪಟ್ಟಿ ಅಂಟಿಸಿರ್ತಾರೆ, ಅದು ಆ ಬದಿಯಲ್ಲಿ ಪಸೆಗೆ ಬಿಟ್ಟುಕೊಂಡು ಎದ್ದು ಬಂದಿತ್ತು. ದಪ್ಪ ಕಮ್ಮಿಯಾಗಿ ಪಿನ್ನಿಗೆ ಒತ್ತಿ ಕೂರ್ತಿಲ್ಲ. ಕ್ಲೀನ್ ಮಾಡಿದಾಗ ಮೂರು ದಿನ ತಾಗಿತು, ಪುನಃ ಪಸೆ ಹಿಡಿದ ಕೂಡ್ಲೇ ಬಿಟ್ಟಿತು. ಬಿಟ್ಟದ್ದನ್ನು ಒತ್ತಿ ಕೂರಿಸಿ ಅದರ ಮೇಲೆ, ಅಂದ್ರೆ ಪಟ್ಟಿಗಳಿಲ್ಲದ ಹಿಂದಿನ ಬದಿಗೆ, ಕಾಪ್ಟನ್ ಟೇಪು ಅಂತ ಹೇಳ್ತಾರಲ್ಲ, ಬಿಸಿ ತಡೆಯುವ ಹಳದಿ ತೆಳು ಟೇಪು, ಅದರ ಒಂದೇ ಪದರ ಅಂಟಿಸಿ ಕತ್ತರಿಯಲ್ಲಿ ಅಂಚು ಸರಿ ಮಾಡಿದೆ. ಎರಡು ಪದರ ಹಾಕಿದ್ರೆ ಲ್ಯಾಚ್ ಮುರಿಯುವ ಭಯ. ಆಮೇಲೆ ಸಿಕ್ಕಿಸಿದಾಗ ಎರಡೂ ಬದಿ ಒಂದೇ ಬಿಗಿ. ಪಿನ್ನುಗಳನ್ನೂ ಆಲ್ಕೋಹಾಲಲ್ಲಿ ಒರಸಿ ಒಣಗಿಸಿಯೇ ಮುಚ್ಚಿದ್ದು.

ಟೇಬಲನ್ನು ಬಚ್ಚಲಿನ ಗೋಡೆಯಿಂದ ಚಾವಡಿಗೆ ತಂದೆ. ರಾತ್ರಿ ಲ್ಯಾಪ್‌ಟಾಪನ್ನು ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ, ಚಪ್ಪಲಿ ಡಬ್ಬಗಳಲ್ಲೆಲ್ಲ ಬರುವ ಸಿಲಿಕಾ ಜೆಲ್ ಪೊಟ್ಟಣ ಒಟ್ಟು ಮಾಡಿ ಹಾಕಿ ಇಡ್ತೇನೆ, ಬಿಸಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕುದು. ಕ್ಯಾಪ್ಸ್‌ಲಾಕನ್ನು ಎಫ್ ಮಾಡಿದ್ದು ಹಾಗೇ ಬಿಟ್ಟಿದ್ದೇನೆ, ಬೆರಳಿಗೆ ಅದೇ ಹತ್ತಿರ ಅಂತ ಅನ್ನಿಸ್ಲಿಕ್ಕೆ ಶುರುವಾಗಿದೆ.

ಪುಸ್ತಕ 4ಕ್ಕೇ ಪ್ರೆಸ್ಸಿಗೆ ಹೋಯ್ತು. ಕೊನೆಗೆ ಪ್ರೂಫ್ ನೋಡುವಾಗ ಊರಿನ ಹೆಸರುಗಳನ್ನು ಮಾತ್ರ ಬೇರೆ ಪಟ್ಟಿ ಮಾಡಿ ಅವಳೂ ನಾನೂ ಒಂದೊಂದೇ ಓದಿ ಗುರುತು ಹಾಕಿದೆವು, 94ನೇ ಪೇಜಿಂದ ಶುರು ಮಾಡಿ. ಅವಳು ಗಟ್ಟಿಯಾಗಿ ಓದುದು, ನಾನು ಅಕ್ಷರ ನೋಡುದು. ಪೆರ್ಲ ಸರಿ, ಉಪ್ಪಳ ಸರಿ, ನೀರ್ಚಾಲು ಸರಿ. 112ನೇ ಪೇಜಲ್ಲಿ ಒಂದು ಎಣಮಕಜೆ ಉಳಿದಿತ್ತು, ಬೆಳಿಗ್ಗೆ ಹೊಡೆದ ಪೇಜು ಅದು. ಎಫ್ ಒತ್ತಿ ಸರಿ ಮಾಡಿದೆ.